ಕರೋಶಿಗೆ ಹೋದ ಬುಟ್ಟಿ

ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರೆ ನಾನು ಮೊದಲು ಕೈ ಹಾಕುವುದಿಲ್ಲ, ಮೂಗು ಹಾಕುತ್ತೇನೆ. ಅದನ್ನು ನೋಡಿ ನಮ್ಮ ಮನೆಯವರು, "ನೀ ಪೊಲೀಸ್ ಖಾತೇದಾಗ ಇರಬೇಕಿತ್ತ. ಸಾಲಿ ಟೀಚರ್ ಆಗಿ ಕೆಟ್ಟಿ ನೋಡ" ಎಂದು ಛೇಡಿಸುತ್ತಾರೆ. ಛೇಡಿಸಲಿ. ಈ ಸಲ ಮಳೆ ಹಿಡಿಯುವ ಮುಂಚೆ ಒಂದು ಸಂಜೆ ಗಿರಣಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಜೋಳದ ಚೀಲದ ಬಾಯಿ ಬಿಚ್ಚಿದಳು. ಸಣ್ಣಗೆ ಮುಗ್ಗಲು ವಾಸನೆ ಬಂತು. ಬಹಳವೇನಲ್ಲ, ಗೋಡೆಗೆ ಒರಗಿಸಿಟ್ಟ ಚೀಲಕ್ಕೆ ಒಂದಿಷ್ಟು ತೇವ ತಾಗಿದರೆ ಬರುತ್ತದಲ್ಲ, ಅಷ್ಟೇ. ನನ್ನ ಪಾಳಿ ಬಂದರೂ ಬೀಸಿಸಲಿಲ್ಲ. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಮನೆಗೆ ಬಂದೆ.

ಆ ವಾಸನೆ ಬಂದರೆ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ. ನಮ್ಮ ಜುಗೂಳಕ್ಕೆ ಮಹಾಪೂರ ಬಂದು ಹೋದ ವರ್ಷದ್ದು.

ಕೃಷ್ಣೆ ನಮ್ಮ ಹಿತ್ತಲಿನ ಆಚೆಗೇ ಇದ್ದಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ಸಂಭ್ರಮವಾಗಿತ್ತು. ಎತ್ತರದ ಮೇಲಿರುವ ಕರೋಶಿಯವಳು ನಾನು, ಅಲ್ಲಿ ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತದೆ. ಇಲ್ಲಿ ನೋಡಿದರೆ ಬಾರಾ ತಿಂಗಳೂ ನೀರು, ದಂಡೆಯ ಮೇಲೆ ಬದನೆ, ಮೆಂತ್ಯ, ಎಮ್ಮೆಗೆ ಹಸಿ ಮೇವು. ಆ ವರ್ಷದಿಂದ ನನ್ನ ಸಂಭ್ರಮ ಮುಗಿಯಿತು. ಹೊಳೆ ಏರುವಾಗ ಸದ್ದು ಮಾಡುತ್ತದೆ ಎಂದುಕೊಂಡಿದ್ದೆ. ಮಾಡುವುದಿಲ್ಲ. ಮುಂಜಾನೆ ನೀರು ಕಬ್ಬಿನ ಹೊಲದ ಬದುವಿನಾಚೆ ಹೊಳೆಯುತ್ತಿತ್ತು. ಅಡುಗೆ ಮುಗಿಸಿ ಬಂದು ನೋಡಿದರೆ ಬದು ಇರಲಿಲ್ಲ. ನೀರು ಎಷ್ಟು ಏರಿತೆಂದು ನೋಡಲು ಮಕ್ಕಳು ನೆಟ್ಟ ಗೂಟ ಇರಲಿಲ್ಲ. ಮೇಲೆ ಮಹಾರಾಷ್ಟ್ರದ ಕಡೆ ಮಳೆ ನಿಂತಿಲ್ಲ, ಇನ್ನೂ ನೀರು ಬಿಡುತ್ತಾರಂತೆ ಎಂದು ಒಬ್ಬರಿಗೊಬ್ಬರು ಹೇಳುತ್ತ ಜನ ಮನೆಯೊಳಗಿನ ಸಾಮಾನು ಹೊರಗೆ ತರತೊಡಗಿದರು. ಕೆಂಪು ನೀರು ತಣ್ಣಗೆ, ಅವಸರವಿಲ್ಲದೆ, ನಮ್ಮ ತುಳಸಿ ಕಟ್ಟೆಯ ಬುಡಕ್ಕೆ ಬಂದು ನಿಂತಿತು.

ನಮ್ಮತ್ತೆ ಗಂಗವ್ವನಿಗೆ ಆಗ ಒಂದೇ ಚಿಂತೆ, ಜೋಳದ್ದು. ನಮ್ಮದು ಸಣ್ಣ ಹೊಲ. ಮುಕ್ಕಾಲು ಭಾಗ ಕಬ್ಬಿದ್ದರೂ ಮನೆಗೆ ಬೇಕಾದ ಬಿಳಿಜೋಳವನ್ನು ಅತ್ತೆ ಹಟ ಹಿಡಿದು ಬೆಳೆಸುತ್ತಿದ್ದರು. ಚೀಲಗಳನ್ನೆಲ್ಲ ಅಟ್ಟಕ್ಕೆ ಏರಿಸಿದೆವು. ನಮ್ಮವರು ಮೇಲೆ ನಿಂತು ಎಳೆದರು, ನಾನು ಕೆಳಗಿನಿಂದ ಹೆಗಲು ಕೊಟ್ಟೆ.

"ಅಟ್ಟದ ಮ್ಯಾಲ ನೀರ ಬಂದದ್ದು ನಮ್ಮ ಮಾವನೂ ನೋಡಿಲ್ಲ, ಅವರಪ್ಪನೂ ನೋಡಿಲ್ಲ. ಚಿಂತಿ ಬಿಡು" ಎಂದರು ಅತ್ತೆ. ಹಾಗೆಂದವರು ತಾವೇ ಚಿಂತೆ ಬಿಟ್ಟಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಕುಳಿತ ಮೇಲೂ ತಿರುತಿರುಗಿ ಮನೆಯ ಮಾಳಿಗೆಯನ್ನೇ ನೋಡುತ್ತಿದ್ದರು. ಹಿಂದೆ ಎಮ್ಮೆ ಚಂದ್ರಿ ನಿಂತಿತ್ತು, ನನ್ನ ಮಡಿಲಲ್ಲಿ ಮಗಳು ಪ್ರಿಯಾ. ಸೇತುವೆ ಬಂದ್ ಆಗುವ ಮುಂಚೆ ನಮ್ಮನ್ನು ದಾಟಿಸಿ ನಮ್ಮವರು ಫ್ಯಾಕ್ಟರಿಯ ಪಾಳಿಗೆ ಹೋದರು.

ಕರೋಶಿಯಲ್ಲಿ ನನ್ನ ತವರುಮನೆ ಇದೆ. ಅಣ್ಣ ಬಾಗಿಲಲ್ಲೇ ನಿಂತು ಕರೆದ. ಆದರೆ ಅತ್ತೆ ಕೇಳಬೇಕಲ್ಲ. ಬೀಗರ ಮನೆಯಲ್ಲಿ ಹೊಟ್ಟೆಗಾಗಿ ಕೂರುವುದೆಂದರೆ ಅವರಿಗೆ ಮಾನ ಹೋದಂತೆ. "ಒಂದ ದಿನಾ ಅಂದ್ರ ಬಂದೇನಿ. ಹೊಳಿ ಇಳಿಯೂತನಕ ಅಂದ್ರ ಬ್ಯಾಡವ್ವಾ" ಎಂದರು. ಚಂದ್ರಿಯನ್ನು ಅಣ್ಣನ ಕೊಟ್ಟಿಗೆಯಲ್ಲಿ ಕಟ್ಟಿದೆವು. ಶಾಲೆಯ ಕೋಣೆಗಳು ಆಗಲೇ ತುಂಬಿದ್ದವು. ಜಾಗ ಉಳಿದಿದ್ದದ್ದು ಊರ ಕೊನೆಯ ಬೌದ್ಧರ ಓಣಿಯಲ್ಲಿ, ವಿಹಾರದ ಸಭಾಗೃಹದಲ್ಲಿ. ಅತ್ತೆಯ ಕಾಲದವರು ಆ ಓಣಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ಅತ್ತೆ ಮುಖ ಸಣ್ಣ ಮಾಡಿಕೊಂಡು ಅಲ್ಲಿ ಒಂದು ಮೂಲೆಯಲ್ಲಿ ಚಾಪೆ ಹಾಸಿದರು.

ಊಟದ ಹೊತ್ತಿಗೆ ಅದೇ ಓಣಿಯ ಶಾಂತಾ ಮಾವಶಿ ಬಂದರು. ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವರು, ಆಗಿನಿಂದಲೂ ನನಗೆ ಮಾವಶಿ, ಎಂದರೆ ಚಿಕ್ಕಮ್ಮ. ಮಗ ಸೊಸೆ ನಿಪ್ಪಾಣಿಯಲ್ಲಿ ಕೆಲಸಕ್ಕಿದ್ದರು, ಮೊಮ್ಮಗಳು ಪಿಂಕಿಯನ್ನು ಇವರೇ ಸಾಕುತ್ತಿದ್ದರು, ಅವಳು ಇವರನ್ನು ಆಯಿ ಎಂದು ಕರೆಯುತ್ತಿದ್ದಳು. ಓಣಿಯ ಮನೆಮನೆಯಿಂದ ಕೂಡಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಡಲೆಹಿಟ್ಟಿನ ಜುಣಕ ಹಿಡಿದು ತಂದಿದ್ದರು. ಪ್ರಿಯಾ ಕೈ ಚಾಚಿದಳು, ನಾನೂ ಚಾಚಿದೆ. ಅತ್ತೆ ಮಾತ್ರ ತಟ್ಟೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದರು.

"ನಂದು ಇವತ್ತ ಉಪವಾಸ ಐತಿ."

ಮರುದಿನವೂ ಉಪವಾಸ. ನಾನು ಅಣ್ಣನ ಮನೆಯಿಂದ ಹಾಲು ತಂದುಕೊಟ್ಟರೆ ಕುಡಿಯುತ್ತಿದ್ದರು. ಮಾವಶಿಯ ತಟ್ಟೆ ಬಂದರೆ ಉಪವಾಸ. ಮಾವಶಿ ಒಮ್ಮೆ ನಕ್ಕು, "ಯಾವ ದೇವರ ಉಪವಾಸರಿ ಬಾಯಾರ, ಮುಗಿಯೂದ ಇಲ್ಲಲಾ?" ಎಂದರು. ನಗುವಿತ್ತು, ಆದರೆ ಹಿಂದಕ್ಕೆ ಬಂದ ತಟ್ಟೆಯನ್ನು ಎತ್ತಿಕೊಂಡು ಹೋಗುವಾಗ ಅವರ ಕುತ್ತಿಗೆ ಬಾಗಿತ್ತು. ನಾನದನ್ನು ನೋಡಿದೆ. ಅತ್ತೆಯೂ ನೋಡಿರಬೇಕು.

ಕೊನೆಗೆ ಒಂದು ಮಧ್ಯಾಹ್ನ ಮಾವಶಿ ತಟ್ಟೆಯನ್ನು ಅತ್ತೆಯ ಮುಂದಿಟ್ಟು, ತಾವು ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. "ನಾ ಈ ಕಡೆ ನೋಡ್ತೀನಿ. ತಿಂದ್ರ ತಿನ್ನರಿ, ಬಿಟ್ರ ಬಿಡ್ರಿ. ಯಾರಿಗೂ ಹೇಳೂದಿಲ್ಲ."

ಖಡಕ್ ರೊಟ್ಟಿಯನ್ನು ಗುಟ್ಟಾಗಿ ತಿನ್ನಲು ಆಗುತ್ತದೆಯೇ? ಅತ್ತೆ ಬಾಯಿಗೆ ಹಾಕಿದ್ದೇ ತಡ, ಕಟುಂ ಎಂದು ಇಡೀ ಸಭಾಗೃಹಕ್ಕೆ ಕೇಳಿತು. ಮಲಗಿದ್ದವರೆಲ್ಲ ತಲೆ ಎತ್ತಿದರು. ಒಬ್ಬ ಮುದುಕಿ ಕಿಸಕ್ಕೆಂದಳು. ಗೋಡೆಯ ಕಡೆ ತಿರುಗಿದ್ದ ಮಾವಶಿಯ ಹೆಗಲು ಕುಣಿಯುತ್ತಿದ್ದವು. ಅತ್ತೆ ಕೆಂಪಗಾಗಿ, ಆದರೂ ನಿಲ್ಲಿಸದೆ, ಇಡೀ ರೊಟ್ಟಿ ಮುಗಿಸಿದರು. ಆ ಮಳೆಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ನೀರು ಇಳಿದ ಮೇಲೆ ಊರಿಗೆ ಬಂದೆವು. ಅದನ್ನು ಹೇಗೆ ಹೇಳಲಿ? ಬಾಗಿಲು ತೆರೆಯಲು ಬರಲಿಲ್ಲ, ಒಳಗೆ ಕೆಸರು ಒತ್ತಿ ಹಿಡಿದಿತ್ತು. ಗೋಡೆಯ ಮೇಲೆ ನೀರಿನ ಗೆರೆ ಅಟ್ಟದ ಹಲಗೆಗಿಂತ ಒಂದು ಗೇಣು ಮೇಲಿತ್ತು. ಅದನ್ನು ನೋಡಿದ ಅತ್ತೆ ಕೆಸರಿನಲ್ಲೇ ಕುಳಿತುಕೊಂಡರು. ಎಲ್ಲೆಲ್ಲಿ ಕೈ ಹಾಕಿದರೂ ಹಾವಿದ್ದೀತೆಂಬ ಹೆದರಿಕೆ. ಗೋಡೆ ಯಾವಾಗ ಬೀಳುತ್ತದೋ ಎಂಬ ಹೆದರಿಕೆ. ಬಾವಿಯ ನೀರು ಕುಡಿಯಲು ಹೆದರಿಕೆ. ದಂಡೆಯ ಬದನೆ ತೋಟದ ಮೇಲೆ ಹೊಳೆ ತಂದ ಮಣ್ಣಿನ ರೇವು ಕೂತು ಮೈದಾನವಾಗಿತ್ತು. ಕಿರಾಣಿ ಅಂಗಡಿಯವನು ಕೊಳೆತ ಚೀಲಗಳನ್ನು ಬೀದಿಗೆ ಸುರಿಯುತ್ತಿದ್ದ. ಕೈಯಲ್ಲಿ ರೊಕ್ಕ ಇದ್ದವರಿಗೂ ಕೊಳ್ಳಲು ಊರಲ್ಲಿ ಏನೂ ಇರಲಿಲ್ಲ. ಸರ್ಕಾರದ ಅಕ್ಕಿ ಬಂತು. ಅದನ್ನು ಬೇಯಿಸಿ ತಿನ್ನುತ್ತಿದ್ದೆವು. ಆದರೆ ನಮ್ಮ ಕಡೆಯವರಿಗೆ ಅನ್ನ ಎಷ್ಟು ಉಂಡರೂ ರೊಟ್ಟಿ ತಿನ್ನದಿದ್ದರೆ ಉಂಡಂತೆ ಆಗುವುದಿಲ್ಲ.

ಆ ರೊಟ್ಟಿ ಕರೋಶಿಯಿಂದ ಬರತೊಡಗಿತು. ಅಣ್ಣಾಸಾಬ ಎಂಬ ಕರೋಶಿಯವನು ಹಾಲಿನ ಟೆಂಪೊ ಓಡಿಸುತ್ತಾನೆ. ಹೊಳೆಸಾಲಿನ ಹಳ್ಳಿಗಳ ಹಾಲನ್ನು ಕೂಡಿಸಿ ಚಿಕ್ಕೋಡಿ ಕಡೆಗೆ ಒಯ್ಯುವುದು ಅವನ ಕೆಲಸ. ಪೂರದ ನಂತರ ಹಾಲು ಕಡಿಮೆಯಾಗಿ ಅವನ ಕ್ಯಾನುಗಳೆಲ್ಲ ಖಾಲಿ ಇದ್ದವು. ಆ ಜಾಗದಲ್ಲಿ ಶಾಂತಾ ಮಾವಶಿ ದೊಡ್ಡದೊಂದು ಬಿದಿರ ಬುಟ್ಟಿ ಇಟ್ಟು ಕಳಿಸಿದರು. ಮೇಲೆ ಬಿಳಿ ಧೋತರ ಹೊದಿಸಿ, ಕೆಳಗೆ ಓಣಿಯ ಎಲ್ಲ ಮನೆಗಳ ರೊಟ್ಟಿ. ನಮ್ಮ ಮನೆಯ ಕಟ್ಟೆಯ ಮೇಲೆ ಬುಟ್ಟಿ ಇಳಿಯುತ್ತಿತ್ತು, ಅಲ್ಲಿಂದ ಓಣಿಗೆಲ್ಲ ಹಂಚುತ್ತಿದ್ದೆವು. ಬುಟ್ಟಿ ಮಾತ್ರ ಖಾಲಿ ಹೋಗುತ್ತಿತ್ತು.

ಅದು ಅತ್ತೆಯನ್ನು ಒಳಗೊಳಗೇ ತಿನ್ನುತ್ತಿತ್ತು. ನಮ್ಮಲ್ಲಿ ಮುಯ್ಯಿ ಎನ್ನುತ್ತಾರೆ. ನಿಮ್ಮ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀವೊಂದು ದಿನ ಬರಬೇಕು. ನನ್ನ ಮಗಳ ಮದುವೆಗೆ ನೀವು ರೊಟ್ಟಿ ಬಡಿದುಕೊಟ್ಟರೆ ನಿಮ್ಮ ಮನೆಯ ಮದುವೆಗೆ ನಾನು ಬಡಿದುಕೊಡಬೇಕು. ರೊಟ್ಟಿ ತುಂಬಿ ಬಂದ ಬುಟ್ಟಿಯನ್ನು ಹಾಗೇ ಹಿಂದಕ್ಕೆ ಕಳಿಸುವುದು ಯಾವ ಮನೆಯಲ್ಲೂ ಇಲ್ಲ. ಬೇರೇನೂ ಇಲ್ಲದಿದ್ದರೆ ನಾಲ್ಕು ಬದನೆಕಾಯಿಯನ್ನಾದರೂ ಹಾಕುತ್ತಾರೆ. ನಮ್ಮಲ್ಲಿ ಆಗ ಅದೂ ಇರಲಿಲ್ಲ. ಅಣ್ಣಾಸಾಬ ಖಾಲಿ ಬುಟ್ಟಿ ಎತ್ತಿಕೊಳ್ಳುವಾಗ ಅತ್ತೆ ಒಳಗೆ ಹೋಗಿಬಿಡುತ್ತಿದ್ದರು.

"ಉಪವಾಸ ಅಂತ ಸುಳ್ಳ ಹೇಳಿದಾಕಿ ನಾ. ಈಗ ಬಿಟ್ಟಿ ತಿನ್ನಾಕತ್ತೀನಿ" ಎಂದರು ಒಮ್ಮೆ. ನಾನು, "ಈಗ ಎಲ್ಲಾರ ಪರಿಸ್ಥಿತಿನೂ ಹಂಗ ಐತಿ ಬಿಡ್ರಿ ಅತ್ತಿ" ಎಂದೆ. ಅವರು ಬಿಡಲಿಲ್ಲ.

ಅಟ್ಟದ ಜೋಳದಲ್ಲಿ ಕೆಳಗಿನ ಚೀಲಗಳು ಮೊಳಕೆ ಬಂದು ಕಪ್ಪಾಗಿದ್ದವು, ಅವನ್ನು ತಿಪ್ಪೆಗೆ ಹಾಕಿದ್ದೆವು. ಮೇಲಿನ ಒಂದು ಚೀಲ ಮಾತ್ರ ನೀರಿನ ಗೆರೆಗಿಂತ ಮೇಲಿತ್ತೆಂದು ಅತ್ತೆ ಹಟ ಹಿಡಿದು ಉಳಿಸಿಕೊಂಡಿದ್ದರು. ಮುಟ್ಟಿದರೆ ಬೆಚ್ಚಗಿತ್ತು. ಮಾಳಿಗೆಯ ಮೇಲೆ ಬಿಸಿಲು ಬಂದಾಗಲೆಲ್ಲ ಹರಡಿದರು, ಬೇವಿನ ಸೊಪ್ಪಿನ ಹೊಗೆ ಹಾಕಿದರು, ಮೊರದಲ್ಲಿ ಕೇರಿ ಕಪ್ಪು ಕಾಳನ್ನೆಲ್ಲ ಆರಿಸಿ ತೆಗೆದರು. ನೋಡಲು ಬೆಳ್ಳಗೆ ಮುತ್ತಿನ ಹಾಗೆ ಆಯಿತು. ನಾನು ಬೇಡ ಎಂದಿದ್ದೆ. ಬಿತ್ತಲಿಕ್ಕೂ ಆಗುವುದಿಲ್ಲ, ತಿನ್ನಲಿಕ್ಕೂ ಆಗುವುದಿಲ್ಲ, ಹೊಳೆಯ ನೀರಿನಲ್ಲಿ ಏನೇನು ಕಲಸಿ ಬಂದಿತ್ತೋ ಯಾರಿಗೆ ಗೊತ್ತು ಎಂದಿದ್ದೆ. "ಆತು, ನಿಮಗೇನ ಹಾಕೂದಿಲ್ಲ" ಎಂದು ಅತ್ತೆ ಮುನಿಸಿಕೊಂಡಿದ್ದರು. ನಾನು ಶಾಲೆಯ ಕೆಸರು ತೆಗೆಸುವ ಕೆಲಸದಲ್ಲಿ ಮುಳುಗಿ ಆ ಚೀಲವನ್ನು ಮರೆತೆ.

ಒಂದು ಮುಂಜಾನೆ ಚಂದ್ರಿ ಏಳಲಿಲ್ಲ. ಬಾಯಿಂದ ಜೊಲ್ಲು, ಹೊಟ್ಟೆ ನಗಾರಿಯಂತೆ ಉಬ್ಬಿತ್ತು, ಮೆಲುಕು ನಿಂತಿತ್ತು. ಪೂರ ದಾಟಿ ಬಂದ ಎಮ್ಮೆ ಅದು. ದನದ ಡಾಕ್ಟರು ಬಂದು ಕಣ್ಣು ಬಿಡಿಸಿ ನೋಡಿ, "ಏನ ತಿನಿಸೀರಿ ಇದಕ್ಕ?" ಎಂದು ಕೇಳಿದರು.

ಡಾಕ್ಟರು ಎರಡನೇ ಸಲ ಕೇಳಿದಾಗ ಅತ್ತೆ, "ಜ್ವಾಳದ ನುಚ್ಚು. ಆರಿಸಿ ಉಳಿದದ್ದು" ಎಂದರು.

"ನೀರಾಗ ನೆಂದದ್ದೇನ್ರಿ? ಬೂಸು ಹಿಡಿದಿತ್ತೇನು?"

ಸೂಜಿ ಮಾಡಿದರು. ಚಂದ್ರಿ ಒಮ್ಮೆ ಕಾಲು ಝಾಡಿಸಿತು. ಆಮೇಲೆ ಝಾಡಿಸಲಿಲ್ಲ. ನಾನು ಅಳಬೇಕಿತ್ತು, ಅಳು ಬರಲಿಲ್ಲ. ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಆರಿಸಿ ಉಳಿದದ್ದು ಎಂದರೆ, ಆರಿಸಿಟ್ಟದ್ದು ಎಲ್ಲಿ?

"ಅತ್ತಿ, ಆ ಚೀಲ ಎಲ್ಲೈತ್ರಿ?"

"ಬೀಸಿಸಿಕೊಂಡ ಬಂದೆ."

"ಹಿಟ್ಟ ಎಲ್ಲಿ?"

"ರೊಟ್ಟಿ ಬಡದೆ. ನಿನ್ನಿ ಮುಂಜಾನೆ ನೀ ಸಾಲಿಗಿ ಹ್ವಾದಮ್ಯಾಲ... ಬುಟ್ಟಿ ತುಂಬಿ ಕಳಿಸಿದ್ನೆವ್ವಾ."

ನಾವು ಅದರಲ್ಲಿ ಒಂದನ್ನೂ ತಿಂದಿರಲಿಲ್ಲ. ಕೊಟ್ಟವರಿಗೆ ಹೋಗಬೇಕಾದದ್ದು ಎಂದು ಒಂದು ಚೂರೂ ಮನೆಯಲ್ಲಿ ಇಟ್ಟುಕೊಳ್ಳದೆ ಎಲ್ಲವನ್ನೂ ತುಂಬಿದ್ದರು. ಪ್ರಿಯಾ ಕೇಳಿದರೂ ಕೊಟ್ಟಿರಲಿಲ್ಲ. ನನ್ನ ಮಗಳು ಹೀಗೆ ಉಳಿದಳು. ಆದರೆ ಅಲ್ಲಿ? ಆ ಬುಟ್ಟಿ ಶಾಂತಾ ಮಾವಶಿಯೊಬ್ಬರದಲ್ಲ. ಓಣಿಯ ಮನೆಮನೆಯಿಂದ ಕೂಡಿಸಿದ್ದು, ಹಿಂದಕ್ಕೆ ಬಂದದ್ದೂ ಮನೆಮನೆಗೆ ಹಂಚಿಹೋಗುತ್ತದೆ. ಆ ಓಣಿಯ ಮಕ್ಕಳ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಅಂಗಳದಲ್ಲಿ ಚಂದ್ರಿಯ ಬಾಯಿಗೆ ಆಗಲೇ ನೊಣ ಮುತ್ತುತ್ತಿದ್ದವು.

ಕರೆಂಟು ಸರಿಯಾಗಿ ಬರುತ್ತಿರಲಿಲ್ಲ, ನನ್ನ ಫೋನಿನಲ್ಲಿ ಬ್ಯಾಟರಿ ಎಳೆಯಷ್ಟಿತ್ತು. ಮಾವಶಿಯ ನಂಬರು ಒತ್ತಿದೆ. ಬಹಳ ಹೊತ್ತು ರಿಂಗಾಗಿ ಪಿಂಕಿ ಎತ್ತಿಕೊಂಡಳು.

"ಪಿಂಕೀ, ಆಯಿ ಎಲ್ಲಿ?"

"ಆಯಿ ಹೊಲಕ್ಕ ಹೋಗ್ಯಾಳ್ರಿ ಅತ್ಯಾ. ನಿಮ್ಮ ರೊಟ್ಟಿ ಬಂದಾವ್ರಿ. ನಾ ಊಟಕ್ಕ ಕುಂತೀನಿ."

"ತಿನ್ನಬ್ಯಾಡ! ಪಿಂಕೀ, ಆ ರೊಟ್ಟಿ..."

ಫೋನು ಕಪ್ಪಾಯಿತು. ನಾನು ಅದನ್ನು ಅಲುಗಾಡಿಸಿದೆ, ಒತ್ತಿದೆ, ಬಾಯಿಯ ಹತ್ತಿರ ಹಿಡಿದು ಸುಮ್ಮನೆ ಕೂಗಿದೆ. ನಮ್ಮವರು ಫ್ಯಾಕ್ಟರಿಯಲ್ಲಿದ್ದರು, ಪಕ್ಕದ ಮನೆಯವರ ಫೋನಿಗೂ ಚಾರ್ಜಿಲ್ಲ. ಪ್ರಿಯಾಳನ್ನು ಅತ್ತೆಯ ಕೈಗೆ ಕೊಟ್ಟು ರಸ್ತೆಗೆ ಓಡಿದೆ.

ಆ ದಾರಿ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಮೇವು ತರಲು ಹೊರಟಿದ್ದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಹೋದೆ. ರಸ್ತೆಯ ಮೇಲಿನ ರೇವಿನಲ್ಲಿ ಗಾಲಿ ಹೂಳುತ್ತಿದ್ದವು. ಸೇತುವೆಯ ಮೇಲೆ ಕೊಚ್ಚಿ ಬಂದ ಕಬ್ಬು, ಮುಳ್ಳುಕಂಟಿ ರಾಶಿ ಬಿದ್ದಿತ್ತು. ಕೆಳಗೆ ಕೃಷ್ಣೆ ತನಗೇನೂ ಗೊತ್ತಿಲ್ಲದವಳ ಹಾಗೆ ಹರಿಯುತ್ತಿದ್ದಳು. ಅಂಕಲಿಯಲ್ಲಿ ಬಸ್ಸು ಸಿಕ್ಕಿತು. ಅದು ಚಿಕ್ಕೋಡಿಯಲ್ಲಿ ಇಳಿಸಿತು. ಅಲ್ಲಿಂದ ಟಂಟಂ ರಿಕ್ಷಾ. ಟಂಟಂನವನು ಮಂದಿ ತುಂಬುವವರೆಗೆ ಹೊರಡುವುದಿಲ್ಲವೆಂದು ಬೀಡಿ ಹಚ್ಚಿಕೊಂಡು ಕುಳಿತ. ನಾನು ಅವನ ಮೇಲೆ ಹೇಗೆ ಕೂಗಾಡಿದೆನೆಂದರೆ ಅವನು ಬೀಡಿ ಎಸೆದು ಗಾಡಿ ಚಾಲೂ ಮಾಡಿದ.

ಇನ್ನೊಂದು ಹೆದರಿಕೆಯೂ ನನ್ನ ಪಕ್ಕದಲ್ಲೇ ಕುಳಿತಿತ್ತು. ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಹೋಗಿ ಏನೆಂದು ಹೇಳಲಿ? ನಿಮ್ಮ ತಟ್ಟೆಯನ್ನು ದಿನಗಟ್ಟಲೆ ದೂಡಿದ ನಮ್ಮತ್ತೆ ಕೊನೆಗೆ ನಿಮಗೆ ಕಳಿಸಿದ್ದು ಕೊಳೆತ ಜೋಳದ ರೊಟ್ಟಿ ಎಂದು ಹೇಳಲೇ? ಎಮ್ಮೆ ಸತ್ತ ಜೋಳ ಎಂದು ಹೇಳಲೇ? ಒಳ್ಳೆಯದನ್ನು ತಾವಿಟ್ಟುಕೊಂಡು ಕೆಟ್ಟದ್ದನ್ನು ನಮ್ಮ ಓಣಿಗೆ ಕಳಿಸಿದರು ಎಂದು ಯಾರಾದರೂ ಒಬ್ಬರು ಅಂದರೂ ಮುಗಿಯಿತು. ಹಾಗೆ ಅನ್ನಲು ಅವರಿಗೆ ಕಾರಣಗಳು ಬೇಕಾದಷ್ಟಿದ್ದವು. ಮರುವಾರದ ಬುಟ್ಟಿ ಬರುವುದಿಲ್ಲ, ಯಾವ ವಾರವೂ ಬರುವುದಿಲ್ಲ. ನಮ್ಮ ಓಣಿಯ ಬಾಣಂತಿ, ಮುದುಕರು, ಮಕ್ಕಳು ಎಲ್ಲರೂ ಆ ಬುಟ್ಟಿಯ ದಾರಿ ಕಾಯುತ್ತಿದ್ದರು. ಆದರೂ ಪಿಂಕಿ ಊಟಕ್ಕೆ ಕುಳಿತಿದ್ದಳು. ಹೇಳಲೇಬೇಕಿತ್ತು.

ಕರೋಶಿಯಲ್ಲಿ ಮಾವಶಿಯ ಮನೆಗೆ ಬೀಗ ಬಿದ್ದಿತ್ತು.

ಎದುರಿನ ಮನೆಯ ಮುದುಕ ಕಟ್ಟೆಯ ಮೇಲಿಂದಲೇ ಹೇಳಿದ. "ದವಾಖಾನಿಗಿ ಒಯ್ದಾರ್ರಿ. ಚಿಕ್ಕೋಡಿಗಿ."

"ಯಾರನ್ರಿ? ಪಿಂಕೀನೇನು?"

"ಇಬ್ರೂ ಹೋಗ್ಯಾರವಾ. ನನಗ ಸರಿಯಾಗಿ ಗೊತ್ತಿಲ್ಲ, ನಾ ಮಲಗಿದ್ದೆ."

ನನ್ನ ಟಂಟಂ ಎದುರಿಗೇ ಅವರ ಗಾಡಿ ದಾಟಿ ಹೋಗಿರಬೇಕು. ಮತ್ತೆ ಅದೇ ಟಂಟಂ, ಅದೇ ರಸ್ತೆ. ಈ ಸಲ ಗಾಡಿಯವನು ನನ್ನ ಮುಖ ನೋಡಿ ಏನೂ ಕೇಳದೆ ಹೊರಟ. ನಾನು ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನೆನಪಿಲ್ಲ. ಹೊತ್ತದ್ದೆಲ್ಲ ತೀರಿಸಲು ಹೋದರೆ ಈ ಜನ್ಮ ಸಾಲದು.

ಸರ್ಕಾರಿ ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ಮೊದಲು ಕಂಡದ್ದು ಪಿಂಕಿ. ಮಂಚದ ಕಾಲ ಕಡೆ ಕುಳಿತು ಬಿಸ್ಕೀಟು ತಿನ್ನುತ್ತಿದ್ದಳು. ಮಂಚದ ಮೇಲೆ ಮಾವಶಿ, ಕೈಗೆ ಸಲಾಯಿನ್. ನಾನು ಹೋಗಿ ಪಿಂಕಿಯ ಗಲ್ಲ ಹಿಡಿದು ಅವಳ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದೆ. ಅವಳು ಹೆದರಿ ಹಿಂದೆ ಸರಿದಳು.

"ಆಕಿ ತಿಂದಿಲ್ಲವ್ವಾ" ಎಂದರು ಮಾವಶಿ. ದನಿ ಬಹಳ ಸಣ್ಣಗಾಗಿತ್ತು. ನಾನು ಒಂದು ಮಾತೂ ಹೇಳಿರಲಿಲ್ಲ. "ಯಾರೂ ತಿಂದಿಲ್ಲ. ಬುಟ್ಟಿ ಬಂದಕೂಡ್ಲೇ ಧೋತರ ತಗದ್ನಿ, ವಾಸನಿ ಬಂತು. ಮ್ಯಾಲ ಗೂಟಕ್ಕ ತೂಗಹಾಕಿ, ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿದ್ನಿ. ಈಕಿ ಅನ್ನಾ ಉಣ್ಣಾಕತ್ತಿದ್ಲು."

"ಮತ್ತ ನಿಮಗ?"

ಮಾವಶಿ ಕಿಟಕಿಯ ಕಡೆ ಮುಖ ತಿರುಗಿಸಿದರು. "ನಾ ಒಂದ ತಿಂದ್ನಿ. ನಿನ್ನಿ ಸಂಜಿಗಿ."

"ವಾಸನಿ ಗೊತ್ತಾಗಿ ಯಾಕ ತಿಂದ್ರಿ ಮಾವಶೀ?" ನನ್ನ ದನಿ ಏರಿತು. ಪಕ್ಕದ ಮಂಚದವರೆಲ್ಲ ನೋಡಿದರು.

"ನಾಳಿ ನಿಮ್ಮತ್ತಿ ಭೆಟ್ಟಿ ಆದ್ರ ಮೊದಲ ಅದನ್ನ ಕೇಳ್ತಾರ. ತಿಂದ್ರೇನು ಅಂತ. ಆ ಮುಪ್ಪಿನಾಕಿ ಎಲ್ಲಾ ಕಳಕೊಂಡು ಹಿಟ್ಟ ಎಲ್ಲಿಂದ ತಂದಾಳೋ, ಹೆಂಗ ಬಡದಾಳೋ. ತಿಂದಿಲ್ಲ ಅಂತ ಹ್ಯಾಂಗ ಹೇಳ್ಲಿ?" ಸಲಾಯಿನ್ ಇಲ್ಲದ ಕೈಯಿಂದ ನನ್ನ ಕೈ ಹಿಡಿದರು. "ನೀಡಿದ್ದು ಹಿಂದಕ್ಕ ಬಂದ್ರ ಹೆಂಗ ಅಕ್ಕೈತಿ ಅನ್ನೂದು ನನಗ ಗೊತ್ತೈತಿ ಯವ್ವಾ. ಅದ ಆಕಿಗಿ ಆಗೂದ ಬ್ಯಾಡ ಅನಿಸ್ತು."

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಅವರ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಚಂದ್ರಿಗೆ ಬಾರದ ಅಳು ಎಲ್ಲ ಅಲ್ಲಿ ಬಂತು.

ಆ ಸಂಜೆಯೂ ಮರುದಿನವೂ ಮಾವಶಿಗೆ ಜೀವ ಹಗುರಾಗಲಿಲ್ಲ. ನಾನು ಮಂಚದ ಪಕ್ಕದಲ್ಲೇ ಕುಳಿತು ಅವರ ಉಸಿರನ್ನೇ ನೋಡುತ್ತಿದ್ದೆ. ಅದು ಸ್ವಲ್ಪ ತಡವಾದರೆ ನನ್ನದೂ ನಿಲ್ಲುತ್ತಿತ್ತು. ರೊಟ್ಟಿಯಿಂದಲೇ ಆಯಿತೋ, ಆ ದಿನಗಳ ನೀರಿನಿಂದಲೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ವಾಂತಿ ನಿಂತು, ಒಂದು ಲೋಟ ಮಜ್ಜಿಗೆ ಹೊಟ್ಟೆಯಲ್ಲಿ ಉಳಿದ ಮೇಲೆ ನಾನು ಎದ್ದು ನಿಂತೆ. ಬುಟ್ಟಿಯ ರೊಟ್ಟಿಯನ್ನೆಲ್ಲ ಅಣ್ಣ ತೆಗ್ಗು ತೋಡಿ ಹುಗಿದ. ದನ, ನಾಯಿ ಯಾವುದೂ ಕೆದರಬಾರದೆಂದು ಮೇಲೆ ಕಲ್ಲು ಹೇರಿದ.

ಜುಗೂಳಕ್ಕೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ಮಾವಶಿ ಹುಷಾರಾಗಿದ್ದಾರೆಂದು ಅಣ್ಣಾಸಾಬನ ಕೈಲಿ ಹೇಳಿ ಕಳಿಸಿದ್ದೆ. ಆದರೂ ಅವರ ಮುಖ ಇಳಿದು ಹೋಗಿತ್ತು, ಹೋದಾಗಿನಿಂದ ಅಲ್ಲಿಂದ ಎದ್ದಿಲ್ಲವೆಂದು ಪಕ್ಕದವರು ಹೇಳಿದರು.

"ಕೂಸು?"

"ಆರಾಮ ಐತ್ರಿ. ಅದು ತಿಂದಿಲ್ಲ."

"ಶಾಂತಾಗ ವಾಸನಿ ಬರಲಿಲ್ಲಂತೇನು?"

"ಬಂತಂತ್ರಿ."

"ಮತ್ತ ಯಾಕ ತಿಂದ್ಲು?"

ಹೇಳಿದೆ. ಮಾವಶಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ಕೊನೆಯ ಮಾ‌ತನ್ನೂ ಬಿಡಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಹಾಲಿನ ಟೆಂಪೊದಲ್ಲಿ ಕುಳಿತು ಕರೋಶಿಗೆ ಹೋಗಿಬಿಟ್ಟಿದ್ದರು. ಬೀಗರ ಮನೆಗೂ ಹೋಗದೆ ಸೀದಾ ಬೌದ್ಧರ ಓಣಿಗೆ. ಮಾವಶಿಗೆ ಪೂರ್ತಿ ಶಕ್ತಿ ಬರುವವರೆಗೆ ಅವರ ಒಲೆಯ ಮುಂದೆ ಕುಳಿತು, ಅವರ ಹಿಟ್ಟಿನಿಂದಲೇ ಓಣಿಯ ಬುಟ್ಟಿಗೆ ರೊಟ್ಟಿ ಬಡಿದರು. ನಮ್ಮ ಊರಿಗೆ ಬಂದ ಮುಂದಿನ ಬುಟ್ಟಿಯಲ್ಲಿ ದಪ್ಪ ಅಂಚಿನ ರೊಟ್ಟಿಗಳಿದ್ದವು. ಅವು ಅತ್ತೆಯ ಕೈಯವು ಎಂದು ನಮ್ಮ ಓಣಿಗೆಲ್ಲ ಗೊತ್ತಾಯಿತು. ಆಡಿಕೊಳ್ಳುವವರು ಆಡಿಕೊಂಡರು, ಆಡಿಕೊಳ್ಳುತ್ತಲೇ ತಿಂದರು.

ಈಗ ನಮ್ಮಲ್ಲಿ ನಡೆಯುವುದು ಆ ಒಲೆಯ ಮುಂದೆ ಅವರಿಬ್ಬರೂ ಮಾತಾಡಿಕೊಂಡದ್ದೇ. ರೋಹಿಣಿ ಮಳೆಗೆ ಮುಂಚೆ ನಮ್ಮ ಓಣಿಯ ಜೋಳದ ಚೀಲಗಳು, ಬಿತ್ತುವ ಬೀಜದ ಡಬ್ಬಿಗಳು ಅಣ್ಣಾಸಾಬನ ಟೆಂಪೊ ಏರಿ ಕರೋಶಿಯ ಮನೆಗಳಿಗೆ ಹೋಗುತ್ತವೆ. ಯಾರ ಚೀಲ ಯಾರ ಮನೆಯಲ್ಲಿದೆ ಎಂಬುದನ್ನು ಹೆಂಗಸರು ಬಾಯಲ್ಲೇ ಇಟ್ಟುಕೊಂಡಿದ್ದಾರೆ. ಮಳೆಗಾಲದುದ್ದಕ್ಕೂ ಬೇಕಾದಷ್ಟೇ ಇಳಿದು ಬರುತ್ತದೆ. ಬೇಸಿಗೆಯಲ್ಲಿ ಅವರ ದನಗಳಿಗೆ ನಮ್ಮ ದಂಡೆಯ ಹಸಿ ಮೇವು, ಬುಟ್ಟಿಯಲ್ಲಿ ನಮ್ಮ ಬದನೆಕಾಯಿ ಕರೋಶಿಗೆ ಹೋಗುತ್ತವೆ. ಈಚೆಗೆ ಏಕಸಂಬಿ ಕಡೆಯ ಹೊಳೆಸಾಲಿನ ಎರಡು ಮೂರು ಹಳ್ಳಿಗಳವರೂ ತಮಗೆ ಗೊತ್ತಿದ್ದ ಎತ್ತರದ ಊರುಗಳಲ್ಲಿ ಹೀಗೇ ಮಾಡಿಕೊಂಡಿದ್ದಾರಂತೆ. ಇದನ್ನು ಕೇಳಿದವರು ಇನ್ನೇನು ಹೆದರಿಕೆ ಎನ್ನುತ್ತಾರೆ. ಹೆದರಿಕೆ ಎಲ್ಲಿಗೂ ಹೋಗಿಲ್ಲ. ಹೋಗಿದ್ದರೆ ಚೀಲ ಯಾಕೆ ಹೊರುತ್ತಿದ್ದೆವು? ಹೊಳೆ ಒಂದು ಮೆಟ್ಟಿಲು ಏರಿದರೂ ನಾನು ಗೋಡೆಯ ಮೇಲಿನ ಹಳೆಯ ಗೆರೆಯನ್ನೇ ನೋಡುತ್ತ ನಿಲ್ಲುತ್ತೇನೆ. ಸುಣ್ಣ ಬಳಿದರೂ ಅದು ಒಂದೇ ಮಳೆಗೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಅತ್ತೆಗೆ ಅವರದೇ ಒಂದು ರೂಢಿ ಬಂದಿದೆ. ಮುಯ್ಯಿಗೆಂದು ನಮ್ಮ ಮನೆಯಿಂದ ಕರೋಶಿಗೆ ರೊಟ್ಟಿಯ ಬುಟ್ಟಿ ಹೊರಡುವುದಿದ್ದರೆ, ಹಿಂದಿನ ದಿನ ಸಂಜೆ ಅದರಿಂದ ಒಂದು ರೊಟ್ಟಿ ತೆಗೆದು ತಾವು ತಿನ್ನುತ್ತಾರೆ. ಮರುದಿನ ಟೆಂಪೊ ಬರುವವರೆಗೆ ಬುಟ್ಟಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಈಗ ಹಲ್ಲು ಉಳಿದಿಲ್ಲ. ಕಟುಂ ಎನ್ನುವ ಸದ್ದೂ ಇಲ್ಲ, ಹಾಲಿನಲ್ಲಿ ನೆನೆಸಿ ಮೆತ್ತಗೆ ನುಂಗುತ್ತಾರೆ. ಗಿರಣಿಯಿಂದ ನಾನು ಹೆದರಿ ಬಂದೆನಲ್ಲ, ಆ ವಾರವೂ ಬುಟ್ಟಿ ಹೊರಡುವುದಿತ್ತು. ಮರುದಿನ ಬೀಸಿಸಿ ತಂದ ಹಿಟ್ಟಿಗೆ ಯಾವ ವಾಸನೆಯೂ ಇರಲಿಲ್ಲ, ಆದರೂ ನನಗೆ ಮನಸ್ಸು ತಡೆಯಲಿಲ್ಲ. "ಈ ಸಲ ನಾ ತಿಂತೀನ್ರಿ ಅತ್ತಿ" ಎಂದು ಕೈ ಹಾಕಿದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

"ನೀ ಬ್ಯಾಡ. ನಿನಗ ಮಗಳದಾಳ. ನಾ ಒಬ್ಬಾಕಿ ಸಾಕು."

ಮುಂಜಾನೆ ಅಣ್ಣಾಸಾಬ ಬಂದ. ಮೊದಲಾಗಿದ್ದರೆ ಹಾರ್ನ್ ಹೊಡೆದು ಓಣಿಯನ್ನೆಲ್ಲ ಎಬ್ಬಿಸುತ್ತಿದ್ದ. ಈಗ ನಮ್ಮ ಮನೆಯ ಮುಂದೆ ಹೊಡೆಯುವುದಿಲ್ಲ. ಗಾಡಿ ಬಂದ್ ಮಾಡಿ ಇಳಿದು, ಹೊಸ್ತಿಲ ಮೇಲೆ ಕುಳಿತ ಅತ್ತೆಯ ಮುಂದೆ ನಿಂತ.

"ಆಯೀ, ಹೊಟ್ಟಿ ಹೆಂಗೈತಿ?"

ಅತ್ತೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದರು. ನಾನೂ ಅವನೂ ಅವರ ಮುಖವನ್ನೇ ನೋಡುತ್ತ ನಿಂತೆವು.

"ಒಯ್ಯಿ" ಎಂದರು.